ನಾಯಿಗೆ ಯಾವ ಭಾಷೆ?

ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮ್ಮವರ ಮನೆಗಳಲ್ಲಿ ಜರ್ಮನ್ ಷೆಪರ್ಡ್ ನಾಯಿಯನ್ನು ಕಾಣುವುದು ಹೊಸದೇನಲ್ಲ. ಹಿರಿಯರು ಇಂದಿಗೂ ಅದನ್ನು ಅಲ್ಸೇಷಿಯನ್ ಎಂದೇ ಕರೆಯುತ್ತಾರೆ. ಮೊದಲನೆಯ ಮಹಾಯುದ್ಧದ ಕಹಿಯಿಂದಾಗಿ ಜರ್ಮನಿಯ ಹೆಸರೇ ಬೇಡವೆಂದು ಇಂಗ್ಲಿಷರು ಇಟ್ಟ ಹೆಸರು ಅದು. 1977ರಲ್ಲಿ ಅವರೇ ಹಳೆಯ ಹೆಸರನ್ನು ಮತ್ತೆ ಒಪ್ಪಿಕೊಂಡರು. ಇಂಥ ನಾಯಿ ಸಾಕಿದವರು ಆಗಾಗ ಕೇಳುವ ಪ್ರಶ್ನೆಯೊಂದಿದೆ: ಇದನ್ನು ಪಂದ್ಯಕ್ಕೆ ತಯಾರು ಮಾಡಬಹುದೇ, ಎರಡು ಕೋಣೆಯ ಮನೆಯಲ್ಲಿ ಅದು ಆದೀತೇ ಎಂದು. ಆದೀತು. ಆದರೆ ಮೈದಾನಕ್ಕೆ ಇಳಿಯುವ ಮೊದಲು ಪಳಗಬೇಕಾದದ್ದು ಮನೆಯವರ ನಾಲಗೆ.

ಈ ಪಂದ್ಯದ ಹುಟ್ಟನ್ನು ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು. ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಜರ್ಮನ್ ಅಶ್ವದಳದ ಮಾಜಿ ಅಧಿಕಾರಿ 1899ರಲ್ಲಿ ಕಾರ್ಲ್ಸ್‌ರೂಹೆ ಪಟ್ಟಣದ ಪ್ರದರ್ಶನದಲ್ಲಿ ಕುರಿಕಾಯುವ ನಾಯಿಯೊಂದನ್ನು ಮೆಚ್ಚಿ ಕೊಂಡು, ಹೋರಾಂಡ್ ಎಂದು ಹೊಸ ಹೆಸರಿಟ್ಟ. ಅದೇ ವರ್ಷ ತಳಿಯ ಸಂಘವನ್ನೂ ಸ್ಥಾಪಿಸಿದ. ಕಾರ್ಖಾನೆಗಳು ಬೆಳೆದು ಕುರಿಮಂದೆಗಳು ಕರಗುತ್ತಿದ್ದ ಕಾಲ ಅದು. ಕುರಿಯಿಲ್ಲದ ಕುರಿನಾಯಿಗೆ ಪೊಲೀಸರಲ್ಲಿ, ಸೈನ್ಯದಲ್ಲಿ ಕೆಲಸ ಹುಡುಕಬೇಕಾಯಿತು. ಚೆಲುವನ್ನು ಮಾತ್ರ ನೋಡಿ ಮರಿ ಹಾಕಿಸಿದರೆ ತಳಿ ಕೆಡುತ್ತದೆಂದು, ನಾಯಿಯ ಬುದ್ಧಿ ಧೈರ್ಯಗಳನ್ನು ಅಳೆಯುವ ಪರೀಕ್ಷೆ ಬಂತು. ಅದೇ ಷುಟ್ಸ್‌ಹುಂಡ್, ಎಂದರೆ ರಕ್ಷಕ ನಾಯಿ. ಮುಂದೆ ಅದು ಐ.ಪಿ.ಓ. ಆಗಿ, 2019ರಿಂದ ಐ.ಜಿ.ಪಿ. ಎನಿಸಿಕೊಂಡಿದೆ. ಪೊಲೀಸು ಇಲಾಖೆಯ ದೊಡ್ಡ ಸಾಹೇಬರಿಗೂ ಇದಕ್ಕೂ ಸಂಬಂಧವಿಲ್ಲ.

ಪರೀಕ್ಷೆಯಲ್ಲಿ ಮೂರು ಭಾಗ, ಒಂದೊಂದಕ್ಕೆ 100ರಂತೆ 300 ಅಂಕ. ಮೊದಲನೆಯದು ಜಾಡು ಹಿಡಿಯುವುದು. ಮೇಲಿನ ದರ್ಜೆಯಲ್ಲಿ ಅಪರಿಚಿತನೊಬ್ಬ ಹೊಲದಲ್ಲಿ 600 ಹೆಜ್ಜೆ ನಡೆದು, ದಾರಿಯಲ್ಲಿ ಮೂರು ಸಣ್ಣ ವಸ್ತುಗಳನ್ನು ಬಿಟ್ಟುಹೋಗುತ್ತಾನೆ. ಒಂದು ಗಂಟೆ ಕಳೆದ ಮೇಲೆ ನಾಯಿ ಮೂಗನ್ನು ನೆಲಕ್ಕೆ ಊರಿ, ಅವನು ತಿರುಗಿದಲ್ಲೆಲ್ಲ ತಿರುಗಿ, ಆ ವಸ್ತುಗಳನ್ನು ಕಂಡುಹಿಡಿಯಬೇಕು. ಎರಡನೆಯದು ವಿಧೇಯತೆ: ಒಡೆಯನ ಎಡಗಾಲಿಗೆ ಅಂಟಿದಂತೆ ನಡೆಯುವುದು, ಹೇಳಿದಲ್ಲಿ ಕೂರುವುದು, ಎಸೆದದ್ದನ್ನು ತಡೆ ಹಾರಿ ತರುವುದು. ಮೂರನೆಯದು ರಕ್ಷಣೆ. ತೋಳಿಗೆ ದಪ್ಪ ಕವಚ ತೊಟ್ಟವನೊಬ್ಬ ಮರೆಯಲ್ಲಿ ನಿಂತಿರುತ್ತಾನೆ. ನಾಯಿ ಅವನನ್ನು ಹುಡುಕಿ, ಮುಟ್ಟದೆ, ಎದುರಿಗೆ ನಿಂತು ಬೊಗಳಬೇಕು. ಅವನು ಓಡಿದರೆ ಅಥವಾ ಮೇಲೆ ಬಿದ್ದರೆ ಮಾತ್ರ ಆ ಕವಚವನ್ನು ಕಚ್ಚಬೇಕು. ಒಡೆಯ ಬಿಡು ಎಂದ ಕೂಡಲೆ ಬಿಡಬೇಕು. ಮೂರು ಸಲ ಹೇಳಿದರೂ ಬಿಡದ ನಾಯಿಯನ್ನು ಪಂದ್ಯದಿಂದಲೇ ಹೊರಗೆ ಹಾಕುತ್ತಾರೆ.

ಈ ‘ಬಿಡು’ ಎಂಬುದನ್ನು ಯಾವ ಭಾಷೆಯಲ್ಲಿ ಹೇಳಬೇಕು? ಅಂತಾರಾಷ್ಟ್ರೀಯ ನಿಯಮವು ಯಾವ ಭಾಷೆಗೂ ಅಡ್ಡಿಮಾಡುವುದಿಲ್ಲ. ಮಾತು ಚಿಕ್ಕದಾಗಿರಬೇಕು, ಒಂದು ಕೆಲಸಕ್ಕೆ ಯಾವಾಗಲೂ ಒಂದೇ ಮಾತು ಇರಬೇಕು, ಅಷ್ಟೆ. ಎಂದಮೇಲೆ ಕನ್ನಡ ಧಾರಾಳವಾಗಿ ನಡೆಯುತ್ತದೆ. ನಡೆಯದಿರುವುದು ನಮ್ಮ ಮನೆಗಳ ಕಲಸುಮೇಲೋಗರ. ಪುಣೆಯ ಮನೆಯೊಂದನ್ನು ನೆನೆದುಕೊಳ್ಳಿ. ಅಜ್ಜಿ “ಕೂತ್ಕೊಳ್ಳೋ ನಮ್ಮಪ್ಪಾ” ಎನ್ನುತ್ತಾರೆ. ಮೊಮ್ಮಗ “ಸಿಟ್” ಎನ್ನುತ್ತಾನೆ. ಕೆಲಸಕ್ಕೆ ಬರುವ ಬಾಯಿ ಮರಾಠಿಯಲ್ಲಿ “ಬಸ್” ಎನ್ನುತ್ತಾರೆ. ಸಂಜೆ ಮನೆಗೆ ಬಂದ ಯಜಮಾನರು, ನಾಯಿ ಸಂತೋಷದಿಂದ ಮೈಮೇಲೆ ಹಾರಿದಾಗ, ಹಿಂದಿಯಲ್ಲಿ “ಬಸ್, ಬಸ್” ಎನ್ನುತ್ತಾರೆ. ಒಂದು ಬಸ್ ಎಂದರೆ ಕೂರು, ಇನ್ನೊಂದು ಬಸ್ ಎಂದರೆ ಸಾಕು. ಬೀದಿಯಲ್ಲಿ ಹೋಗುವ ಮೂರನೆಯದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ.

ಕನ್ನಡವೊಂದನ್ನೇ ಹಿಡಿದರೂ ತೊಡಕು ತಪ್ಪದು. ಬಾ, ಬೇಡ, ಬಿಡು ಎಲ್ಲವೂ ಒಂದೇ ಅಕ್ಷರದಿಂದ ಹೊರಡುವ ಮಾತುಗಳು. ಸಾಲದ್ದಕ್ಕೆ ‘ಬಿಡು’ ನಮ್ಮ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತದೆ: ಇರಲಿ ಬಿಡು, ಹೋಗಲಿ ಬಿಡ್ರೀ, ಅವನ ಮಾತು ಬಿಡು. ಕೇಳಿ ಕೇಳಿ ನಾಯಿಗೆ ಅದು ಫ್ಯಾನಿನ ಸದ್ದಿನಂತಾಗುತ್ತದೆ. ಹಲವು ದೇಶಗಳಲ್ಲಿ ಈ ಪಂದ್ಯದವರು ಜರ್ಮನ್ ಮಾತುಗಳನ್ನೇ ಇಟ್ಟುಕೊಂಡಿದ್ದಾರೆ. ಕೂರಲು ಜಿಟ್ಸ್, ಮಲಗಲು ಪ್ಲಾಟ್ಸ್, ಜೊತೆಗೆ ನಡೆಯಲು ಫೂಸ್, ಬಿಡಲು ಔಸ್. ಇದಕ್ಕೆ ಸಂಪ್ರದಾಯ ಕಾರಣವಿದ್ದೀತು. ಅಡಿಗೆಮನೆಯಲ್ಲಿ ಯಾರೂ ಆಡದ ಮಾತುಗಳೆಂಬ ಅನುಕೂಲವೂ ಉಂಟು. ಕನ್ನಡವೇ ಆಗಬೇಕೆಂಬ ಅಭಿಮಾನಿಗಳು ಗ್ರಂಥಗಳಲ್ಲಿ ಉಳಿದ ಮಾತುಗಳತ್ತ ನೋಡಬಹುದು. ಬಿಡು ಎನ್ನುವ ಬದಲು ‘ತೊರೆ’ ಎನ್ನಿ. ಮಲಗು ಎಂಬುದು ಮಕ್ಕಳಿಗೆ ಮೀಸಲಾದ್ದರಿಂದ ‘ಒರಗು’ ಎನ್ನಿ. ‘ಪವಡಿಸು’ ಎನ್ನುವುದು ಸ್ವಲ್ಪ ಅತಿಯಾದೀತು.

ಮಾತು ಗೊತ್ತಾದ ಮೇಲೆ ಕಲಿಸುವ ಬಗೆ. ಗೋಣಿತಟ್ಟಿನ ಎರಡು ತುಂಡುಗಳನ್ನು ಸುತ್ತಿ, ಬಿಗಿಯಾಗಿ ಹೊಲಿದು, ಒಂದೇ ಬಗೆಯ ಎರಡು ಆಟಿಕೆ ಮಾಡಿ. ಒಂದನ್ನು ಮರಿಯ ಮುಂದೆ ಇಲಿ ಓಡಿದಂತೆ ಎಳೆದರೆ ಅದು ಹಿಡಿಯುತ್ತದೆ. ನಾಲ್ಕು ಸಲ ಜಗ್ಗಾಡಿ. ಆಮೇಲೆ ನಿಮ್ಮ ಕೈಯನ್ನು ಮೊಣಕಾಲಿಗೆ ಒತ್ತಿ ಸ್ತಬ್ಧರಾಗಿ. ಕಿತ್ತುಕೊಳ್ಳಬೇಡಿ, ಗದರಿಸಬೇಡಿ. ಗೋಣಿ ಸತ್ತಂತಾಯಿತು, ಸತ್ತದ್ದರಲ್ಲಿ ಮರಿಗೆ ಏನು ಸ್ವಾರಸ್ಯ? ಅರ್ಧ ನಿಮಿಷದಲ್ಲೋ ಒಂದು ನಿಮಿಷದಲ್ಲೋ ಹಲ್ಲು ಸಡಿಲಿಸುತ್ತದೆ. ಸಡಿಲಿಸಿದ ಆ ಕ್ಷಣದಲ್ಲೇ “ಸೈ” ಎಂದು, ಇನ್ನೊಂದು ಕೈಯಲ್ಲಿರುವ ಎರಡನೆಯ ಗೋಣಿಗೆ ಜೀವ ಬರಿಸಿ. ಕೆಲವು ದಿನ ಹೀಗಾದ ಮೇಲೆ, ಹಲ್ಲು ಸಡಿಲುವ ಹೊತ್ತನ್ನು ಅರಿತು, ಅದಕ್ಕೆ ತುಸು ಮೊದಲು “ತೊರೆ” ಎನ್ನಿ. ಬಿಟ್ಟರೆ ಕಳೆದುಕೊಳ್ಳುವುದಿಲ್ಲ, ಇನ್ನೊಂದು ಸಿಗುತ್ತದೆ ಎಂಬ ನಂಬಿಕೆ ನಾಯಿಗೆ ಬರಬೇಕು. ಬಾಯಿಂದ ಬಲವಂತವಾಗಿ ಕಿತ್ತುಕೊಂಡವರ ನಾಯಿ ಇನ್ನಷ್ಟು ಬಿಗಿಯಾಗಿ ಹಿಡಿಯುವುದನ್ನು ಕಲಿಯುತ್ತದೆ. ದಿನಕ್ಕೆ ಐದು ನಿಮಿಷದಂತೆ ಎರಡು ಸಲ ಸಾಕು, ನಡುಮನೆಯಲ್ಲೇ ಆಗುತ್ತದೆ.

ಜಾಡಿಗೆ ಮಾತ್ರ ಹುಲ್ಲುನೆಲ ಬೇಕು. ಬೆಳಿಗ್ಗೆ ಹುಲ್ಲು ತಂಪಾಗಿರುವಾಗ, ಬಡಾವಣೆಯ ಉದ್ಯಾನದವರು ಒಪ್ಪಿದರೆ, ಇಪ್ಪತ್ತು ಹೆಜ್ಜೆ ಮೆಲ್ಲಗೆ ತುಳಿದು ನಡೆಯಿರಿ. ಒಂದೊಂದು ಹೆಜ್ಜೆಗುರುತಿನಲ್ಲೂ ಒಂದು ಸಣ್ಣ ತಿನಿಸು ಇಡಿ. ಹಸಿದ ಮರಿ ಹೆಜ್ಜೆಯಿಂದ ಹೆಜ್ಜೆಗೆ ಮೂಗಿನಿಂದಲೇ ಓದುತ್ತಾ ಹೋಗುತ್ತದೆ. ಕಚ್ಚುವ ಭಾಗವನ್ನು ಮನೆಯಲ್ಲಿ ಯಾರೂ ಕಲಿಸಲು ಹೋಗಬಾರದು. ಅದಕ್ಕೆ ನುರಿತ ಶಿಕ್ಷಕರೇ ಬೇಕು. ಸಿಗದಿದ್ದರೆ ಮೊದಲ ಎರಡು ಭಾಗಗಳಲ್ಲೇ ತೃಪ್ತಿಪಡುವುದು ಕ್ಷೇಮ. ಎಲುಬು ಬಲಿಯುವ ತನಕ ಎತ್ತರದಿಂದ ಹಾರಿಸಬಾರದು. ಈ ತಳಿಗೆ ಸೊಂಟದ ಕೀಲಿನ ದೋಷ ಹೆಚ್ಚು. ಚೆನ್ನೈ, ಹೈದರಾಬಾದಿನವರು ಬಿಸಿಲೇರುವ ಮೊದಲೇ ಮುಗಿಸಬೇಕು.

ನಮ್ಮ ಮುಧೋಳದ ನಾಯಿ ಇದನ್ನೆಲ್ಲ ಮಾಡದೇ ಎಂದು ಬಾಗಲಕೋಟೆಯ ಕಡೆಯವರು ಕೇಳಿಯಾರು. ಅದು ಕಣ್ಣಿನಿಂದ ಬೇಟೆ ಕಂಡು ಒಡೆಯನನ್ನು ಹಿಂದೆ ಬಿಟ್ಟು ಓಡುವ ನಾಯಿ. ಮಾತುಮಾತಿಗೂ ತಿರುಗಿ ಮುಖ ನೋಡುವುದು ಅದರ ಜಾಯಮಾನವಲ್ಲ. ಆದರೂ 2016ರಲ್ಲಿ ಮುಧೋಳದ ಮರಿಗಳು ತರಬೇತಿಗಾಗಿ ಮೀರತ್‌ನಲ್ಲಿರುವ ಸೇನಾ ಕೇಂದ್ರಕ್ಕೆ ಹೋದವೆಂಬುದು ನಮಗೆಲ್ಲ ಹೆಮ್ಮೆಯ ಮಾತು.

ಇಷ್ಟೊಂದು ತಾಪತ್ರಯ ಏಕೆ, ಪದಕವೇ ಬೇಕಿಲ್ಲ ಎನ್ನುವವರೂ ಇದ್ದಾರೆ. ಪದಕ ಬೇಡ, ಸರಿ, ಕೆಲಸ ಬೇಕು. ಕೆಲಸಕ್ಕೆಂದು ಹುಟ್ಟಿಸಿದ ತಳಿ ದಿನವೆಲ್ಲ ಬಾಲ್ಕನಿಯಲ್ಲಿ ನಿಂತರೆ ಕುರ್ಚಿಯ ಕಾಲು ಕಡಿಯುತ್ತದೆ, ಲಿಫ್ಟಿನ ಸದ್ದಿಗೆಲ್ಲ ಬೊಗಳುತ್ತದೆ. ಸೊಸೈಟಿಯವರ ನೋಟೀಸು ಬರುತ್ತದೆ. ಕೊನೆಗೆ “ಊರಿನ ತೋಟಕ್ಕೆ ಕಳಿಸಿಬಿಟ್ಟೆವು” ಎಂಬ ಮಾತು ಕೇಳುತ್ತೇವೆ. ಹತ್ತು ತಿಂಗಳು ಹಿಂದಿ ಇಂಗ್ಲಿಷು ಕೇಳಿ ಬೆಳೆದ ನಾಯಿ, ಹಾವೇರಿ ಕಡೆಯ ತೋಟವೊಂದರಲ್ಲಿ, ತನಗೆ ತಿಳಿಯದ ಮಾತನಾಡುವ ಆಳಿನ ಎದುರು ಸರಪಳಿಯ ತುದಿಯಲ್ಲಿ ನಿಂತು, ಬಂದುಹೋಗುವ ಬಸ್ಸುಗಳನ್ನೆಲ್ಲ ನೋಡುತ್ತಿರುತ್ತದೆ. ಮರಿ ತರುವ ಮೊದಲೇ ಇದನ್ನು ಮನೆಯಲ್ಲಿ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ಮಾತಾಡಿಕೊಂಡ ಮೇಲೆ ಆರೇಳು ಮಾತುಗಳ ಪಟ್ಟಿ ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸಿ. ಅಜ್ಜಿಯ ಒಪ್ಪಿಗೆ ಪಡೆಯಲು ಮರೆಯಬೇಡಿ, ಏಕೆಂದರೆ ಹಗಲೆಲ್ಲ ನಾಯಿಯ ಜೊತೆಗಿರುವವರು ಅವರೇ. ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಬಾದಶಹ ಎಂದು ಹೆಸರಿಟ್ಟು, ಕರೆಯಲು ‘ಬಾ’ ಎಂಬ ಮಾತನ್ನೇ ಆರಿಸಿದಿರೋ, ಕೂತಲ್ಲೇ ಕೂತಿರಲಿ ಎಂದು ಹೆಸರು ಹಿಡಿದು ಹೇಳುವಷ್ಟರಲ್ಲಿ ನಾಯಿ ನಿಮ್ಮ ತೊಡೆಯ ಮೇಲಿರುತ್ತದೆ.