ಫೋಟೋಗೆ ಹಾರ ಹಾಕಿದ್ದು ಸಾಕು, ಬದುಕು ಬರೆಯಿರಿ



ನಿಮ್ಮ ಬಡಾವಣೆಯ ಸಂಘದ ಗೋಡೆಯನ್ನೊಮ್ಮೆ ನೋಡಿ. ಕುವೆಂಪು ಇದ್ದಾರೆ, ಆಲೂರು ವೆಂಕಟರಾಯರಿದ್ದಾರೆ, ಅನಕೃ ಇದ್ದಾರೆ. ನವೆಂಬರ್ ಬಂದರೆ ಫೋಟೋ ಒರೆಸಿ ಹಾರ ಹಾಕುತ್ತೇವೆ, ಜೈಕಾರ ಕೂಗುತ್ತೇವೆ, ಮೈಕಿನವನ ಬಾಕಿ ತೀರಿಸಿ ಮನೆಗೆ ಹೋಗುತ್ತೇವೆ. ಈ ಮೂವರೂ ತಮ್ಮ ಕಥೆಯನ್ನು ತಾವೇ ಬರೆದಿಟ್ಟು ಹೋಗಿದ್ದಾರೆ: ‘ನೆನಪಿನ ದೋಣಿಯಲ್ಲಿ’, ‘ನನ್ನ ಜೀವನ ಸ್ಮೃತಿಗಳು’, ‘ಬರಹಗಾರನ ಬದುಕು’. ಎದೆ ಮುಟ್ಟಿಕೊಂಡು ಹೇಳಿ, ನಮ್ಮಲ್ಲಿ ಎಷ್ಟು ಜನ ಇವುಗಳಲ್ಲಿ ಒಂದನ್ನಾದರೂ ಪೂರ್ತಿ ಓದಿದ್ದೇವೆ?

ಹುಟ್ಟಿದ ತಾರೀಕು, ಬಂದ ಪ್ರಶಸ್ತಿ, ಸತ್ತ ತಾರೀಕು ಇಷ್ಟನ್ನು ಬರೆದರೆ ಅದು ನೌಕರಿ ಅರ್ಜಿಗೆ ಲಗತ್ತಿಸುವ ಹಾಳೆಯಾಯಿತು. ಜೀವನ ಚರಿತ್ರೆ ಎಂದರೆ ಆ ಮನುಷ್ಯ ಹೇಗೆ ನಡೆದ, ಎಲ್ಲಿ ಎಡವಿದ, ಎದ್ದದ್ದು ಹೇಗೆ ಎಂಬ ಲೆಕ್ಕ.

ಈ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ಸುಮಾರು ಎಂಟುನೂರು ವರ್ಷಗಳ ಹಿಂದೆ ಹರಿಹರ ಅರಸರ ಹೊಗಳಿಕೆ ಬಿಟ್ಟು ಬಸವಣ್ಣ, ಮಹಾದೇವಿಯಕ್ಕ, ಕುಂಬಾರ ಗುಂಡಯ್ಯರ ಬದುಕನ್ನು ರಗಳೆಯಲ್ಲಿ ಹಾಡಿದ. ಗುಂಡಯ್ಯನ ಮಡಕೆಯ ದನಿಗೆ ಅಲ್ಲಿ ಶಿವನೇ ಕುಣಿಯುತ್ತಾನೆ. ಅದನ್ನು ದಾಖಲೆ ಎಂದು ಓದಬಾರದು, ಅದು ಭಕ್ತನ ಕಣ್ಣಿಗೆ ಕಂಡ ಬದುಕು. ಆದರೆ ಮಡಕೆ ತಟ್ಟುವವನೂ ಕಾವ್ಯದ ನಾಯಕನಾಗಬಲ್ಲ ಎಂದು ಅಂದೇ ತೋರಿಸಿದವನು ಹರಿಹರ.

ಒಂದೊಂದು ಬಗೆಯ ಬರಹಕ್ಕೂ ಒಂದೊಂದು ಸತ್ಯ, ಒಂದೊಂದು ಅಪಾಯ. ಆತ್ಮಕಥೆ ಬರೆಯುವವನಿಗೆ ತನ್ನ ಒಳಗೆಲ್ಲ ಗೊತ್ತು, ಬೇಡವಾದ್ದನ್ನು ಮುಚ್ಚಿಡುವುದೂ ಗೊತ್ತು. ಅದಕ್ಕೇ ಹೊರಗಿನವರ ಸಾಕ್ಷಿಯೂ ಬೇಕು. ಕುವೆಂಪು ತಮ್ಮ ಬಗ್ಗೆ ಬರೆದದ್ದನ್ನು ಓದಿ, ಆಮೇಲೆ ಮಗ ತೇಜಸ್ವಿಯವರ ‘ಅಣ್ಣನ ನೆನಪು’, ಮಗಳು ತಾರಿಣಿಯವರ ‘ಮಗಳು ಕಂಡ ಕುವೆಂಪು’ ಓದಿ. ಗೋಡೆಯ ಮೇಲಿನ ರಾಷ್ಟ್ರಕವಿ ಇಳಿದು ಬಂದು ಮನೆಯ ಅಪ್ಪನಾಗುತ್ತಾರೆ. ಇದರಿಂದ ಅವರ ಗೌರವ ಕಡಿಮೆಯಾಯಿತೇ? ಹೆಚ್ಚಾಯಿತು!

ಡಿವಿಜಿಯವರ ‘ಜ್ಞಾಪಕ ಚಿತ್ರಶಾಲೆ’ ಇನ್ನೊಂದು ದಾರಿ. ಇಡೀ ಬದುಕನ್ನು ಹಿಡಿಯಲು ಹೋಗದೆ, ತಾವು ಕಂಡಷ್ಟನ್ನು ವ್ಯಕ್ತಿಚಿತ್ರಗಳಾಗಿ ಎಂಟು ಸಂಪುಟಗಳಲ್ಲಿ ಕೊಟ್ಟರು. ಅಲ್ಲಿ ದಿವಾನರೂ ಉಂಟು, ಹೆಸರು ಕೇಳದ ಸಾಮಾನ್ಯರೂ ಉಂಟು. ತರಾಸು ಅವರ ‘ದುರ್ಗಾಸ್ತಮಾನ’ ಮತ್ತೊಂದು ಬಗೆ. ಮದಕರಿ ನಾಯಕ ಅಲ್ಲಿ ಜೀವ ತಳೆದು ನಿಲ್ಲುತ್ತಾನೆ, ಆದರೆ ಅದು ಕಾದಂಬರಿ. ಅದರ ಸಂಭಾಷಣೆಯನ್ನು ಇತಿಹಾಸವೆಂದು ವೇದಿಕೆ ಮೇಲೆ ಒದರಬೇಡಿ. ಇನ್ನು ಅಭಿನಂದನ ಗ್ರಂಥ! ಅಪವಾದಗಳಿವೆ, ಇಲ್ಲವೆನ್ನುವುದಿಲ್ಲ. ಉಳಿದವು ಹೊಗಳುಭಟ್ಟರ ಸಾಲು, ಬೀರುವಿನಲ್ಲಿ ಧೂಳು.

ಯಾರ ಬದುಕನ್ನು ಯಾರು ಬರೆಯುತ್ತಾರೆ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಕೇರಿಯ ಬದುಕನ್ನು ಬರೆಯಲು ಊರಿನವರು ಬರಲಿಲ್ಲ. 1990ರ ದಶಕದಲ್ಲಿ ಅರವಿಂದ ಮಾಲಗತ್ತಿ ‘ಗೌರ್ಮೆಂಟ್ ಬ್ರಾಹ್ಮಣ’ ಬರೆದರು, ಸಿದ್ಧಲಿಂಗಯ್ಯ ‘ಊರುಕೇರಿ’ ಬರೆದರು. ಮಂಚನಬೆಲೆಯ ಕೇರಿಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಹುಡುಗನ ಹಸಿವನ್ನೂ ಅವಮಾನವನ್ನೂ ನಗುನಗುತ್ತಲೇ ಹೇಳಿದ ಪುಸ್ತಕ ಅದು. ಸಿದ್ಧಲಿಂಗಯ್ಯನವರು 2021ರಲ್ಲಿ ತೀರಿಕೊಂಡರು. ಅವರು ಬರೆದಿದ್ದರಿಂದ ಆ ಶ್ರೀರಾಮಪುರ ಉಳಿದಿದೆ.

ಬರೆಯದಿದ್ದರೆ ಏನಾಗುತ್ತದೆ? ನಾವೇ ಮಾಡಿದ ತಪ್ಪೊಂದನ್ನು ಹೇಳುತ್ತೇವೆ. ನಮ್ಮ ಕರಪತ್ರಗಳಿಗೆ ವರ್ಷಗಟ್ಟಲೆ ಮೊಳೆ ಜೋಡಿಸಿಕೊಟ್ಟ ಹಿರಿಯರೊಬ್ಬರಿದ್ದರು. ರಾತ್ರಿ ಹನ್ನೆರಡಾದರೂ ಕಾಗುಣಿತ ತಿದ್ದದೆ ಮುದ್ರಣಕ್ಕೆ ಬಿಡುತ್ತಿರಲಿಲ್ಲ. ‘ನಿಮ್ಮ ಕಥೆ ಬರೆದುಕೊಳ್ಳಬೇಕು ಯಜಮಾನರೇ, ಮುಂದಿನ ಭಾನುವಾರ ಬರ್ತೀವಿ’ ಎನ್ನುತ್ತಲೇ ಇದ್ದೆವು. ಒಂದು ದಿನ ಅವರೇ ಹೊರಟುಹೋದರು. ಅವರ ಹಳೆಯ ಪುಸ್ತಕ, ಕಾಗದವೆಲ್ಲ ರದ್ದಿ ಅಂಗಡಿ ಸೇರಿತ್ತು. ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ‘ಸರಳ ಸಜ್ಜನರು’ ಎಂದು ಕೂತೆವು. ಅವರು ಯಾವ ಊರಿನವರು ಎಂದು ಯಾರೋ ಕೇಳಿದರು. ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಇಂಥವರು ನಿಮ್ಮ ಬೀದಿಯಲ್ಲೂ ಇದ್ದಾರೆ. 1956ರ ಏಕೀಕರಣದ ದಿನ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತರ ಆಸುಪಾಸು. ಎಚ್‌ಎಂಟಿಯಲ್ಲಿ ಗಡಿಯಾರ ಜೋಡಿಸಿದ ಅಮ್ಮ, ಬಿನ್ನಿ ಮಿಲ್ಲಿನಲ್ಲಿ ಮಗ್ಗ ನಡೆಸಿದ ತಾತ, ನಾಟಕ ಕಂಪನಿಯಲ್ಲಿ ಪರದೆ ಎಳೆದ ಮಾವ. ಇವರ ಹೆಸರಿನಲ್ಲಿ ಯಾವ ಅಕಾಡೆಮಿಯೂ ಪುಸ್ತಕ ತರುವುದಿಲ್ಲ.

ಕೆಲಸ ಕಷ್ಟದ್ದಲ್ಲ. ಒಂದು ನೋಟ್‌ಬುಕ್ ಹಿಡಿಯಿರಿ, ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ದನಿ ಹಿಡಿಯಿರಿ. ಮೊದಲ ಸಂಬಳ ಎಷ್ಟು, ಯಾವ ಬಾಡಿಗೆ ಮನೆ, ಯಾವ ಜಗಳ, ಯಾವ ತಪ್ಪಿಗೆ ಇಂದಿಗೂ ಮನಸ್ಸು ಕುಟುಕುತ್ತದೆ, ಕೇಳಿ. ಹಳೆಯ ಪತ್ರ, ಸಂಬಳದ ಚೀಟಿ ನೋಡಿ ಇಸವಿ ತಾಳೆ ಹಾಕಿ. ಅಣ್ಣ ಒಂದು ಹೇಳಿ ತಂಗಿ ಇನ್ನೊಂದು ಹೇಳಿದರೆ ಎರಡನ್ನೂ ಬರೆಯಿರಿ. ಅವರು ಆಡಿದ ಮಾತನ್ನು ಆಡಿದಂತೆಯೇ ಇಡಿ. ದೇವರನ್ನಾಗಿ ಮಾಡಬೇಡಿ, ಮನುಷ್ಯರಾಗಿಯೇ ಇರಲಿ.

ನಾಳೆಯೇ ಯಾರದಾದರೂ ಮನೆ ಬಾಗಿಲು ತಟ್ಟಿ. ಮುಂದಿನ ಭಾನುವಾರ ಎಂದು ಮಾತ್ರ ಹೇಳಬೇಡಿ.