ನೆಲೆಸಿದ ಊರಿನ ಬಾನುಲಿ

ಪತ್ರಿಕೆಯನ್ನು ಓದಲು ಅಕ್ಷರಜ್ಞಾನ ಬೇಕು, ಬೆಳಕು ಬೇಕು, ವಯಸ್ಸಾದವರಿಗೆ ಕನ್ನಡಕವೂ ಬೇಕು. ಬಾನುಲಿಯನ್ನು ಆಲಿಸಲು ಕಿವಿಯೊಂದಿದ್ದರೆ ಸಾಕು. ಆದರೆ ಆ ಕಿವಿಗೆ ತಿಳಿಯುವ ಭಾಷೆಯಲ್ಲಿ ಮಾತು ಬರಬೇಕು. ಬಂದ ಮಾತು ಕೇಳುವವನ ಬದುಕಿಗೆ ಸಂಬಂಧಪಟ್ಟುದಾಗಿರಬೇಕು. ಈ ಎರಡು ಷರತ್ತುಗಳೂ ಒಟ್ಟಿಗೆ ಪೂರೈಸಿದಾಗ ಮಾತ್ರ ಬಾನುಲಿಯು ಕೇವಲ ಮನರಂಜನೆಯ ಪೆಟ್ಟಿಗೆಯಾಗಿ ಉಳಿಯದೆ ಸಮಾಜಸೇವೆಯ ಸಾಧನವಾಗುತ್ತದೆ. ಚೆನ್ನೈ ನಗರದಲ್ಲಿ ನೆಲೆಸಿರುವ ಕನ್ನಡಿಗರ ಪಾಲಿಗೆ ಇವೆರಡೂ ಬೇರೆ ಬೇರೆ ಕಡೆ ಹಂಚಿಹೋಗಿವೆ. ಕನ್ನಡದ ಮಾತು ಬೆಂಗಳೂರಿನಿಂದ ಬರುತ್ತದೆ, ಅದರಲ್ಲಿ ಚೆನ್ನೈಗೆ ಸ್ಥಳವಿರುವುದು ಅಪರೂಪ. ಚೆನ್ನೈಯ ಸಮಾಚಾರ ಪ್ರಧಾನವಾಗಿ ತಮಿಳಿನಲ್ಲಿ ಬರುತ್ತದೆ, ಅದು ಎಷ್ಟೋ ಮನೆಗಳ ಹಿರಿಯರಿಗೆ ಪೂರ್ತಿಯಾಗಿ ಅರ್ಥವಾಗುವುದಿಲ್ಲ. ನೆಲೆಸಿದ ಊರಿನ ಸುದ್ದಿಯನ್ನು ಮನೆಯ ಭಾಷೆಯಲ್ಲಿ ಕೇಳುವ ಅನುಕೂಲವನ್ನು, ವಾರಕ್ಕೆ ಅರ್ಧ ಗಂಟೆಯ ಮಟ್ಟಿಗಾದರೂ, ಸಾರ್ವಜನಿಕ ಬಾನುಲಿಯಿಂದ ಪಡೆಯಲು ಇಲ್ಲಿನ ಕನ್ನಡ ಸಂಘಗಳು ಒಗ್ಗೂಡಿ ಪ್ರಯತ್ನಿಸುವುದು ಅತ್ಯಗತ್ಯವಾಗಿದೆ.

ಅಂದಿನ ಅಲೆ, ಇಂದಿನ ಫೋನು

ಹಿಂದೆ ಮದರಾಸಿನ ಕನ್ನಡಿಗರಿಗೆ ಬಾನುಲಿಯ ವಿಷಯದಲ್ಲಿ ಇದ್ದುದು ಒಂದೇ ಪ್ರಶ್ನೆ: ಬೆಂಗಳೂರು ಕೇಂದ್ರ ಸಿಗುತ್ತದೆಯೇ? ಮಧ್ಯಮ ತರಂಗದ ಪ್ರಸಾರವು ಹಗಲಿನಲ್ಲಿ ನೆಲವನ್ನು ಅನುಸರಿಸಿಯೇ ಹರಿಯುತ್ತದೆ; ಮೇಲಕ್ಕೆ ಹೋದ ಅಲೆಗಳನ್ನು ಸೂರ್ಯಪ್ರಕಾಶದಿಂದ ಉಂಟಾಗುವ ವಾಯುಮಂಡಲದ ಒಂದು ವಿದ್ಯುದಾವಿಷ್ಟ ಪದರವು ಹೀರಿಕೊಳ್ಳುತ್ತದೆ. ಸೂರ್ಯಾಸ್ತದ ಅನಂತರ ಆ ಪದರ ಕರಗಿ, ಅದಕ್ಕೂ ಮೇಲಿನ ಪದರಗಳಿಂದ ಅಲೆಗಳು ಪ್ರತಿಫಲಿಸಿ ನೂರಾರು ಕಿಲೋಮೀಟರು ದೂರದಲ್ಲಿ ಇಳಿಯುತ್ತವೆ. ಆದುದರಿಂದಲೇ ನೇರ ಅಳತೆಯಲ್ಲಿ ಸುಮಾರು 300 ಕಿಲೋಮೀಟರು ದೂರದ ಬೆಂಗಳೂರಿನ ಧ್ವನಿ ರಾತ್ರಿಯ ವೇಳೆ, ಗೊರಗೊರ ಸದ್ದಿನ ನಡುವೆ, ಏರುತ್ತಾ ಇಳಿಯುತ್ತಾ ಇಲ್ಲಿ ಕೇಳಿಬರುವುದು ಸಾಧ್ಯವಾಗುತ್ತಿತ್ತು. ಅನಂತರ ಬಂದ ಎಫ್.ಎಂ. ಪ್ರಸಾರ ಸ್ಫುಟವಾದುದಾದರೂ ದಿಗಂತವನ್ನು ದಾಟಿ ಬಹುದೂರ ಹೋಗಲಾರದು.

ಇಂದು ಈ ಸಮಸ್ಯೆ ಬಗೆಹರಿದಿದೆ. ಆಕಾಶವಾಣಿಯ 'ನ್ಯೂಸ್ ಆನ್ ಏರ್' ಎಂಬ ಆ್ಯಪನ್ನು ಫೋನಿನಲ್ಲಿ ಹಾಕಿಕೊಂಡರೆ ಬೆಂಗಳೂರು, ಮೈಸೂರು, ಧಾರವಾಡಗಳ ಪ್ರಸಾರವನ್ನು ತ್ಯಾಗರಾಯನಗರದ ಮನೆಯಲ್ಲಿ ಕುಳಿತು ಆಲಿಸಬಹುದು. ಆದರೆ ಆ ಕೇಂದ್ರಗಳು ಹೇಳುವುದು ಕೃಷ್ಣರಾಜಸಾಗರದ ನೀರಿನ ಮಟ್ಟವನ್ನೇ ಹೊರತು ಚೆಂಬರಂಬಾಕ್ಕಂ ಜಲಾಶಯದ ಮಟ್ಟವನ್ನಲ್ಲ. ಅದು ಅವುಗಳ ತಪ್ಪಲ್ಲ, ಅವುಗಳ ಕರ್ತವ್ಯ. ಕಾಸರಗೋಡಿನ ಕನ್ನಡಿಗರ ಸ್ಥಿತಿಯೂ ಇದಕ್ಕೆ ಹತ್ತಿರವಾದುದು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಅವರು ಕೇರಳಕ್ಕೆ ಸೇರಿದರು; ಕನ್ನಡದ ಧ್ವನಿ ಅವರಿಗೆ ಸಮೀಪದ ಮಂಗಳೂರು ಕೇಂದ್ರದಿಂದ ದೊರೆಯುತ್ತದೆ, ಆದರೆ ಅವರ ಪಡಿತರ, ಶಾಲೆ, ಆಸ್ಪತ್ರೆಗಳ ನಿರ್ಧಾರವಾಗುವುದು ತಿರುವನಂತಪುರದಲ್ಲಿ.

ಪ್ರವಾಹ ಕಲಿಸಿದ ಪಾಠ

ಸ್ಥಳೀಯ ಸುದ್ದಿಯ ಬೆಲೆ ಏನೆಂಬುದು 2015ರ ಡಿಸೆಂಬರ್ ತಿಂಗಳಿನ ಆರಂಭದಲ್ಲಿ ಚೆನ್ನೈಗೆ ಮನವರಿಕೆಯಾಯಿತು. ಎಡೆಬಿಡದೆ ಸುರಿದ ಮಳೆಯೊಡನೆ ಚೆಂಬರಂಬಾಕ್ಕಂನಿಂದ ಹೊರಬಿಟ್ಟ ನೀರೂ ಸೇರಿ ಅಡಯಾರು ನದಿ ಉಕ್ಕಿತು. ಸೈದಾಪೇಟೆ, ಕೋಟ್ಟೂರುಪುರಂ, ಜಾಫರ್‌ಖಾನ್‌ಪೇಟೆಗಳಲ್ಲಿ ಮನೆಗಳು ಮುಳುಗಿದವು. ಹಲವು ಬಡಾವಣೆಗಳಲ್ಲಿ ವಿದ್ಯುತ್ತು ನಿಂತು, ಮೊಬೈಲ್ ಸಂಪರ್ಕವೂ ಕಡಿದುಹೋಯಿತು. 1878ರಲ್ಲಿ ಸ್ಥಾಪಿತವಾದ 'ದಿ ಹಿಂದೂ' ಪತ್ರಿಕೆ ಡಿಸೆಂಬರ್ 2ರಂದು ಚೆನ್ನೈಯಲ್ಲಿ ಮುದ್ರಣವಾಗಲಿಲ್ಲ. ಪತ್ರಿಕೆಯಿಲ್ಲದ, ದೂರದರ್ಶನವಿಲ್ಲದ, ಫೋನಿಲ್ಲದ ಅಂಥ ಹೊತ್ತಿನಲ್ಲಿ ಎರಡು ಬ್ಯಾಟರಿ ಸೆಲ್ಲುಗಳ ಪುಟ್ಟ ರೇಡಿಯೋ ಒಂದೇ ಹೊರಜಗತ್ತಿನೊಡನೆ ಉಳಿಯುವ ನಂಟು.

ಅದೇ ದಿನಗಳಲ್ಲಿ, ಮದರಾಸು ಮೊಸಳೆ ಉದ್ಯಾನದಿಂದ ಮೊಸಳೆಗಳು ತಪ್ಪಿಸಿಕೊಂಡು ಪ್ರವಾಹದ ನೀರಿನಲ್ಲಿ ಸೇರಿವೆ ಎಂಬ ವದಂತಿಯೂ ಫೋನಿನಿಂದ ಫೋನಿಗೆ ಹರಡಿತು. ಉದ್ಯಾನದವರು ಅದನ್ನು ಅಲ್ಲಗಳೆಯಬೇಕಾಯಿತು. ಫೋನಿನ ಗುಂಪುಗಳಲ್ಲಿ ಬರುವ ಸುದ್ದಿಗೂ ಬಾನುಲಿಯ ಸುದ್ದಿಗೂ ಇರುವ ಅಂತರ ಇದೇ. ಮೊದಲನೆಯದಕ್ಕೆ ಹೊಣೆಗಾರರಿಲ್ಲ, ಎರಡನೆಯದು ತಪ್ಪಾದರೆ ಉತ್ತರ ಹೇಳಬೇಕಾದ ಸಂಸ್ಥೆಯೊಂದಿದೆ. ಫೋನು ಇರುವಾಗ ರೇಡಿಯೋ ಏಕೆ ಎಂದು ಕೇಳುವವರು ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೆನೆಯುವುದು ಒಳ್ಳೆಯದು. 2016ರ ವರ್ದಾ ಮತ್ತು 2023ರ ಮಿಚಾಂಗ್ ಚಂಡಮಾರುತಗಳು ಇಂತಹ ಸಂಕಟ ಒಮ್ಮೆ ಬಂದು ಹೋಗುವಂತಹುದಲ್ಲವೆಂಬುದನ್ನು ತೋರಿಸಿವೆ.

ಸಂಘದಿಂದಲೇ ಹುಟ್ಟಿದ ಬಾನುಲಿ

ಬಾನುಲಿ ಎಂಬುದು ಸರ್ಕಾರದ ಕೆಲಸ, ಸಂಘಗಳಿಗೆ ಅಲ್ಲೇನು ಪಾತ್ರ ಎಂಬ ಸಂದೇಹ ಬರಬಹುದು. ಇತಿಹಾಸ ಬೇರೆಯೇ ಹೇಳುತ್ತದೆ. ಮದರಾಸಿನಲ್ಲಿ ಬಾನುಲಿಯನ್ನು ಆರಂಭಿಸಿದುದು ನಾಗರಿಕರ ಒಂದು ಸಂಘ. ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಮುಂದಾಳುತನದಲ್ಲಿ 1924ರ ಮೇ 16ರಂದು ಸ್ಥಾಪಿತವಾದ ಮದರಾಸು ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ಬು ಅದೇ ವರ್ಷದ ಜುಲೈ 31ರಿಂದ ಪ್ರಸಾರ ನಡೆಸಿತು. ಹಣದ ಅಭಾವದಿಂದ 1927ರಲ್ಲಿ ಅದು ನಿಂತುಹೋಯಿತು. ಅದರ ಪ್ರೇಷಕಯಂತ್ರ ನಗರಸಭೆಯ ಕೈಸೇರಿ, 1930ರ ಏಪ್ರಿಲ್ 1ರಿಂದ ನಗರಸಭೆಯೇ ಪ್ರಸಾರವನ್ನು ಕೈಗೊಂಡಿತು. ಮರೀನಾ ಕಡಲತೀರದಲ್ಲಿ ಧ್ವನಿವರ್ಧಕಗಳ ಮೂಲಕ ಜನ ಸಂಗೀತವನ್ನು ಕೇಳಿದರು. ಆಲ್ ಇಂಡಿಯಾ ರೇಡಿಯೋದ ಮದರಾಸು ಕೇಂದ್ರ ಆರಂಭವಾದುದು 1938ರ ಜೂನ್ 16ರಂದು.

ಕನ್ನಡನಾಡಿನ ಕಥೆಯೂ ಇಂತಹುದೇ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ, ಕೇವಲ 30 ವ್ಯಾಟ್ ಶಕ್ತಿಯ ಯಂತ್ರದಿಂದ ಪ್ರಸಾರವನ್ನು ತೊಡಗಿದರು. ಅಲ್ಲಿ ಬಳಕೆಗೆ ಬಂದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ರಾಷ್ಟ್ರದ ಬಾನುಲಿಯ ಹೆಸರಾಯಿತು. ಒಬ್ಬ ಪ್ರಾಧ್ಯಾಪಕ, ಒಂದು ಕ್ಲಬ್ಬು ಮಾಡಲು ಸಾಧ್ಯವಾದುದರಲ್ಲಿ ಒಂದು ಅಂಶವನ್ನಾದರೂ ಹಲವು ವರ್ಷಗಳ ಅನುಭವವುಳ್ಳ ಸಂಘಗಳು ಮಾಡಲಾರವೆಂದು ಹೇಳುವಂತಿಲ್ಲ.

ಕಾನೂನಿನ ಬೆಂಬಲವೂ ಇದೆ. ಗಾಳಿಯಲೆಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿತು. 1990ರಲ್ಲಿ ಅಂಗೀಕೃತವಾಗಿ 1997ರಲ್ಲಿ ಜಾರಿಗೆ ಬಂದ ಪ್ರಸಾರ ಭಾರತಿ ಅಧಿನಿಯಮವು ಆರೋಗ್ಯ ಮತ್ತು ಕುಟುಂಬಕಲ್ಯಾಣಕ್ಕೆ ವಿಶೇಷ ಗಮನ ಕೊಡುವುದನ್ನೂ, ಮಕ್ಕಳು, ಅಂಧರು, ವೃದ್ಧರ ಹಿತವನ್ನು ಕಾಯುವುದನ್ನೂ, ಅಲ್ಪಸಂಖ್ಯಾತರ ವಿಶೇಷ ಅಗತ್ಯಗಳನ್ನು ಗಮನದಲ್ಲಿರಿಸಿ ಕಾರ್ಯಕ್ರಮಗಳನ್ನು ನೀಡುವುದನ್ನೂ ಸಂಸ್ಥೆಯ ಕರ್ತವ್ಯಗಳಲ್ಲಿ ಸೇರಿಸಿದೆ. ಒಂದೇ ಕೇಂದ್ರ ಹಲವು ಭಾಷೆಗಳಿಗೆ ಎಡೆಕೊಡುವುದು ಹೊಸತೂ ಅಲ್ಲ. ಮಂಗಳೂರು ಆಕಾಶವಾಣಿ ಕನ್ನಡದೊಡನೆ ತುಳು ಮತ್ತು ಕೊಂಕಣಿ ಕಾರ್ಯಕ್ರಮಗಳನ್ನೂ ನೀಡುತ್ತ ಬಂದಿದೆ.

ಆರೋಗ್ಯಕ್ಕಾಗಿ ಹುಟ್ಟಿದ ಪ್ರಸಾರ

ವಲಸಿಗರ ಭಾಷೆಯಲ್ಲಿ ಸಾರ್ವಜನಿಕ ಬಾನುಲಿ ಏನು ಮಾಡಬಲ್ಲದೆಂಬುದಕ್ಕೆ ಆಸ್ಟ್ರೇಲಿಯಾ ದೇಶದ ನಿದರ್ಶನ ಬೋಧಪ್ರದವಾಗಿದೆ. ಅಲ್ಲಿನ ಸರ್ಕಾರ 1975ರ ಜುಲೈ 1ರಿಂದ 'ಮೆಡಿಬ್ಯಾಂಕ್' ಎಂಬ ರಾಷ್ಟ್ರೀಯ ಆರೋಗ್ಯ ವಿಮೆಯನ್ನು ಜಾರಿಗೆ ತಂದಿತು. ಇಂಗ್ಲಿಷ್ ತಿಳಿಯದ ವಲಸಿಗರಿಗೆ ಯೋಜನೆಯನ್ನು ವಿವರಿಸುವುದು ಹೇಗೆಂಬ ಪ್ರಶ್ನೆ ಬಂದಾಗ, ಸಿಡ್ನಿ ಮತ್ತು ಮೆಲ್ಬರ್ನ್ ನಗರಗಳಲ್ಲಿ ಆ ಜೂನ್ ತಿಂಗಳಲ್ಲಿಯೇ ಎರಡು ಪುಟ್ಟ ಕೇಂದ್ರಗಳನ್ನು ಮೂರು ತಿಂಗಳ ಪ್ರಯೋಗವೆಂದು ತೆರೆಯಲಾಯಿತು. ಆ ಪ್ರಯೋಗ ನಿಲ್ಲಲಿಲ್ಲ, ಅದೇ ಎಸ್.ಬಿ.ಎಸ್. ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆಯಾಗಿ ಬೆಳೆಯಿತು. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಸೇರಿದೆ. ಆ ಪ್ರಸಾರದ ಬೀಜ ಹಾಡಲ್ಲ, ನಾಟಕವಲ್ಲ. ಆರೋಗ್ಯದ ಒಂದು ತಿಳಿವಳಿಕೆ.

ಚೆನ್ನೈಯ ಕನ್ನಡ ಮನೆಗಳಲ್ಲಿಯೂ ಈ ಅಗತ್ಯವಿದೆ. ಮಕ್ಕಳ ಉದ್ಯೋಗದ ನಿಮಿತ್ತ ಹಾಸನದಿಂದಲೋ ಹಾವೇರಿಯಿಂದಲೋ ಇಲ್ಲಿಗೆ ಬಂದು ನೆಲೆಸುವ ವೃದ್ಧ ತಂದೆತಾಯಿಯರು ಹಗಲಿಡೀ ಮನೆಯಲ್ಲಿ ಒಂಟಿಯಾಗಿರುತ್ತಾರೆ. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಎಷ್ಟು ನೀರು ಕುಡಿಯಬೇಕು, ತಲೆಸುತ್ತು ಬಂದರೆ ಏನು ಮಾಡಬೇಕು, ಮಳೆಗಾಲದಲ್ಲಿ ನಿಂತ ನೀರಿನಿಂದ ಹರಡುವ ಡೆಂಗಿ ಮತ್ತು ಇಲಿಜ್ವರಗಳ ಲಕ್ಷಣಗಳೇನು, ರಕ್ತದೊತ್ತಡದ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಿದರೆ ಆಗುವ ಅಪಾಯವೇನು, 108ಕ್ಕೆ ಕರೆ ಮಾಡಿದಾಗ ವಿಳಾಸವನ್ನು ತಮಿಳಿನಲ್ಲಿ ಹೇಳುವುದು ಹೇಗೆ, ಇವೆಲ್ಲವೂ ಅವರಿಗೆ ಕನ್ನಡದಲ್ಲಿ ತಿಳಿಯಬೇಕಾದ ವಿಷಯಗಳು. 1954ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಸ್ಥಾಪಿಸಿದ ಅಡಯಾರಿನ ಕ್ಯಾನ್ಸರ್ ಸಂಸ್ಥೆಗೂ ನಗರದ ಕಣ್ಣಿನ ಆಸ್ಪತ್ರೆಗಳಿಗೂ ಹೊರರಾಜ್ಯಗಳಿಂದ ರೋಗಿಗಳು ಬರುತ್ತಾರೆ. ಅವರೊಡನೆ ಬಂದವರಿಗೆ ವಸತಿ, ದಾಖಲೆಪತ್ರಗಳು, ರಕ್ತದಾನದ ಬಗೆಗೆ ಕನ್ನಡದಲ್ಲಿ ಹತ್ತು ನಿಮಿಷಗಳ ವಿವರಣೆ ಎಷ್ಟು ನೆಮ್ಮದಿ ಕೊಡುವುದೆಂಬುದನ್ನು ಊಹಿಸಬಹುದು.

ಕಲೆಯ ಕೊಡುಕೊಳೆ

ಕಲೆಯ ಕ್ಷೇತ್ರದಲ್ಲಿ ಈ ಕಾರ್ಯಕ್ರಮ ಕನ್ನಡಿಗರಿಗಷ್ಟೇ ಅಲ್ಲದೆ ತಮಿಳು ಬಾಂಧವರಿಗೂ ಉಪಕಾರಿಯಾದೀತು. ಡಿಸೆಂಬರ್ ತಿಂಗಳ ಸಂಗೀತೋತ್ಸವದಲ್ಲಿ ಪುರಂದರದಾಸರ ದೇವರನಾಮಗಳನ್ನು ಹಾಡುವವರೂ ಮೆಚ್ಚಿ ತಲೆದೂಗುವವರೂ ಅನೇಕರು. ಪದಗಳ ಅರ್ಥವನ್ನು ಬಲ್ಲವರು ಅಷ್ಟು ಮಂದಿಯಿಲ್ಲ. ವಾರಕ್ಕೊಂದು ದೇವರನಾಮದ ಅರ್ಥವನ್ನೂ ಸರಿಯಾದ ಉಚ್ಚಾರಣೆಯನ್ನೂ ತಿಳಿಸಿಕೊಡುವುದು ಕನ್ನಡಿಗರು ಈ ನಗರಕ್ಕೆ ಸಲ್ಲಿಸಬಹುದಾದ ಕಾಣಿಕೆ. ಈ ನಗರ ಕನ್ನಡನಾಡಿನ ಕಲಾವಿದರನ್ನು ಗೌರವಿಸಿಯೇ ಇದೆ. ಇಲ್ಲಿನ ಸಂಗೀತ ಅಕಾಡೆಮಿಯ 'ಸಂಗೀತ ಕಲಾನಿಧಿ' ಪ್ರಶಸ್ತಿ 1957ರಲ್ಲಿ ಟಿ. ಚೌಡಯ್ಯನವರಿಗೂ, 1984ರಲ್ಲಿ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರಿಗೂ, 1995ರಲ್ಲಿ ಆರ್.ಕೆ. ಶ್ರೀಕಂಠನ್ ಅವರಿಗೂ ಸಂದಿತು. ಕಡೆಯ ಇಬ್ಬರೂ ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದವರೆಂಬುದು ಇಲ್ಲಿ ಸ್ಮರಣೀಯ.

ಆಕ್ಷೇಪಗಳು

ಕನ್ನಡಕ್ಕೆ ಕೊಟ್ಟರೆ ತೆಲುಗು, ಮಲಯಾಳಂ, ಉರ್ದು ಭಾಷೆಗಳವರೂ ಕೇಳುವುದಿಲ್ಲವೇ ಎಂಬುದು ಮೊದಲನೆಯ ಆಕ್ಷೇಪ. ಕೇಳಲಿ; ಕೇಳುವುದು ನ್ಯಾಯ. ವಾರದ ದಿನಗಳು ಏಳು, ಪ್ರತಿದಿನ ಅರ್ಧ ಗಂಟೆಯನ್ನು ಒಂದೊಂದು ಭಾಷೆಗೆ ಮೀಸಲಿಟ್ಟರೆ ತಮಿಳಿನ ಪ್ರಾಧಾನ್ಯಕ್ಕೆ ಕಿಂಚಿತ್ತೂ ಚ್ಯುತಿ ಬಾರದು. ಇಂತಹ ಕಾರ್ಯಕ್ರಮದಿಂದ ಕನ್ನಡಿಗರು ತಮಿಳು ಕಲಿಯದೆ ದೂರವುಳಿಯುತ್ತಾರೆಂಬುದು ಎರಡನೆಯದು. ಊರಿನ ವಿಷಯ ತಿಳಿದವನೇ ಊರಿನವನಾಗುವನು. ಜೊತೆಗೆ ಪ್ರತಿ ಸಂಚಿಕೆಯಲ್ಲಿಯೂ ನಿತ್ಯೋಪಯೋಗಿಯಾದ ಐದಾರು ತಮಿಳು ವಾಕ್ಯಗಳನ್ನು ಕಲಿಸಿದರೆ ಆಕ್ಷೇಪ ತಾನಾಗಿಯೇ ಬಿದ್ದುಹೋಗುತ್ತದೆ. ಮೂರನೆಯದು ಕೇಳುವವರೆಷ್ಟು ಎಂಬ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರು ಕನ್ನಡಿಗರೇ. ಸಂಘಗಳು ತಮ್ಮ ಸದಸ್ಯರ ಪಟ್ಟಿಯೊಡನೆ, ಹಿರಿಯರಿರುವ ಮನೆಗಳ ಲೆಕ್ಕದೊಡನೆ ಬೇಡಿಕೆ ಸಲ್ಲಿಸಿದರೆ ಅದಕ್ಕೆ ತೂಕವಿರುತ್ತದೆ.

ಖರ್ಚಿನ ಬಾಬು

ಬೇಡಿಕೆಯೊಡನೆ ದುಡಿಮೆಯ ಭರವಸೆಯನ್ನೂ ಕೊಡಬೇಕು. ವಾರಕ್ಕೆ ಅರ್ಧ ಗಂಟೆಯೆಂದರೆ ವರ್ಷಕ್ಕೆ 52 ಸಂಚಿಕೆಗಳು, ಒಟ್ಟು 26 ಗಂಟೆಗಳು. ನಾಲ್ಕು ಸಂಸ್ಥೆಗಳು ಹಂಚಿಕೊಂಡರೆ ಒಂದೊಂದರ ಪಾಲಿಗೆ 13 ಸಂಚಿಕೆಗಳು ಬರುತ್ತವೆ. ಮೂವತ್ತು ನಿಮಿಷಗಳಲ್ಲಿ ಐದು ನಿಮಿಷ ನಗರದ ಸಮಾಚಾರ, ಹತ್ತು ನಿಮಿಷ ವೈದ್ಯರ ಸಲಹೆ, ಐದು ನಿಮಿಷ ಶಾಲೆ, ಉದ್ಯೋಗ, ವಸತಿಗಳ ಮಾಹಿತಿ, ಹತ್ತು ನಿಮಿಷ ಕಲೆ ಎಂದು ವಿಂಗಡಿಸಬಹುದು. ಕನ್ನಡ ವೈದ್ಯರು, ಮದರಾಸು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದ ವಿದ್ವಾಂಸರು, ಹವ್ಯಾಸಿ ಗಾಯಕರು, ಇವರೆಲ್ಲರ ನೆರವು ಬೇಕು. ಒಂದು ವರ್ಷದ ರಾಜ್ಯೋತ್ಸವದ ಹಾರತುರಾಯಿ, ಶಾಲು, ಶಾಮಿಯಾನಗಳ ವೆಚ್ಚದಲ್ಲಿ ಒಂದು ಭಾಗವನ್ನು ಉಳಿಸಿದರೆ ಧ್ವನಿಮುದ್ರಣದ ಸಾಮಗ್ರಿ ಕೊಳ್ಳುವುದು ಕಷ್ಟವೇನಲ್ಲ.

ಆಕಾಶವಾಣಿಯ ಬಾಗಿಲು ತೆರೆಯುವುದು ತಡವಾದರೆ ಎರಡನೆಯ ಬಾಗಿಲೊಂದಿದೆ. ಭಾರತದ ಮೊದಲ ಕ್ಯಾಂಪಸ್ ಸಮುದಾಯ ಬಾನುಲಿಯಾದ ಅಣ್ಣಾ ಎಫ್.ಎಂ. 2004ರ ಫೆಬ್ರವರಿ 1ರಂದು ಇದೇ ನಗರದ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. 2006ರ ಅನಂತರ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೂ ಇಂತಹ ಕೇಂದ್ರ ನಡೆಸಲು ಅವಕಾಶ ದೊರೆತಿದೆ. ಇವುಗಳ ವ್ಯಾಪ್ತಿ ಚಿಕ್ಕದು, ಸ್ವತಂತ್ರವಾಗಿ ವಾರ್ತೆ ಬಿತ್ತರಿಸುವ ಹಕ್ಕೂ ಇಲ್ಲ. ಆದಕಾರಣ ಆಕಾಶವಾಣಿಯೇ ಮುಖ್ಯ ಗುರಿಯಾಗಿರಬೇಕು. ಆದರೂ ಅಭ್ಯಾಸಕ್ಕೆ, ಕಾರ್ಯಕರ್ತರ ತರಬೇತಿಗೆ ಸಮುದಾಯ ಬಾನುಲಿ ಉತ್ತಮ ಪಾಠಶಾಲೆ.

ಮುಂದಿನ ಈಶಾನ್ಯ ಮಾರುತದ ಮಳೆ ಯಾವ ಭಾಷೆಯವರ ಮನೆಯೆಂದು ನೋಡಿ ಸುರಿಯುವುದಿಲ್ಲ. ಎಚ್ಚರಿಕೆಯ ಮಾತು ಮಾತ್ರ ಅವರವರ ಭಾಷೆಯಲ್ಲಿ ತಲುಪಿದರೆ ಬೇಗ ನಾಟುತ್ತದೆ. ನಗರದ ಕನ್ನಡ ಸಂಘಗಳು ಈ ವರ್ಷದೊಳಗೆ ಒಮ್ಮೆ ಒಟ್ಟಿಗೆ ಕುಳಿತು, ಮೊದಲ 13 ಸಂಚಿಕೆಗಳ ರೂಪರೇಖೆಯನ್ನು ಸಿದ್ಧಪಡಿಸಿ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಆಕಾಶವಾಣಿಯ ಅಧಿಕಾರಿಗಳನ್ನು ಕಾಣುವುದು ಉಚಿತ. ಬರಿಗೈಯಲ್ಲಿ ಹೋದವರ ಬೇಡಿಕೆ ಅರ್ಜಿಯಾಗಿ ಉಳಿಯುತ್ತದೆ. ಕೆಲಸವನ್ನು ಮಾಡಿಕೊಂಡು ಹೋದವರ ಬೇಡಿಕೆಗೆ ಇಲ್ಲವೆನ್ನುವುದು ಯಾವ ಅಧಿಕಾರಿಗೂ ಸುಲಭವಲ್ಲ.