ಹಕ್ಕರಿಕೆ ರೊಟ್ಟಿಯ ಜೊತೆಗಿರಲಿ

"ಡಾಕ್ಟರ್ ಸಾಹೇಬ್ರ, ಹಕ್ಕರಕಿ ತಿಂದ್ರ ಸಕ್ರಿ ಬ್ಯಾನಿ ಹೋಗ್ತೈತಂತ. ಗುಳಿಗಿ ಬಿಡ್ಲ್ಯಾ?"

ಈ ಪ್ರಶ್ನೆ ನನಗೆ ಹೊಸದಲ್ಲ. ಬಿಡಬಾರದು ಎಂದೇ ನನ್ನ ಉತ್ತರ.

ಉತ್ತರ ಕರ್ನಾಟಕದವರಿಗೆ ಹಕ್ಕರಿಕೆಯ ಪರಿಚಯ ಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಹೊಲ, ಬದುಗಳಲ್ಲಿ ತಾನಾಗಿ ಹುಟ್ಟಿ, ನೆಲಕ್ಕಂಟಿಕೊಂಡು ಎಲೆ ಹರಡುವ ಪುಟ್ಟ ಗಿಡವಿದು. ಸೇವಂತಿಗೆಯ ಕುಟುಂಬಕ್ಕೆ ಸೇರಿದ್ದು. ಸಣ್ಣ ಹಳದಿ ಹೂ. ಮುರಿದರೆ ಹಾಲು ಒಸರುತ್ತದೆ. ಎಳೆಯ ಎಲೆಗಳನ್ನು ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯೊಡನೆ ಹಸಿಯಾಗಿಯೇ ಜೋಳದ ರೊಟ್ಟಿಗೆ ನಂಜಿಕೊಳ್ಳುತ್ತಾರೆ. ತುಸು ಕಹಿ, ಆದರೆ ರುಚಿ ಹತ್ತಿದವರು ಬಿಡುವುದಿಲ್ಲ.

ಈ ಊಟದ ಹಿರಿಮೆ ಇರುವುದು ಜೋಡಿಯಲ್ಲಿ. ಜೋಳದಲ್ಲಿ ಕಬ್ಬಿಣಾಂಶವಿದ್ದರೂ ಅದು ಸುಲಭವಾಗಿ ಮೈಗೆ ಹತ್ತದು. ಅದೇ ತುತ್ತಿನಲ್ಲಿ 'ಸಿ' ಜೀವಸತ್ವವಿದ್ದರೆ ಹೆಚ್ಚು ಹತ್ತುತ್ತದೆ. ಬೇಯಿಸಿದರೆ ಬಹಳಷ್ಟು ನಾಶವಾಗುವ ಈ ಜೀವಸತ್ವ ಹಸಿ ಸೊಪ್ಪಿನಲ್ಲಿ ಉಳಿದಿರುತ್ತದೆ. (ಉಂಡ ಕೂಡಲೇ ಚಹಾ ಕುಡಿದರೆ ಈ ಲಾಭ ತಗ್ಗುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ಹೇಳಿ ಸಾಕಾಗಿದೆ!) 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಇಂಥಲ್ಲಿ ಹಕ್ಕರಿಕೆಯನ್ನು ಬಡವರ ಸೊಪ್ಪೆಂದು ತಟ್ಟೆಯಿಂದ ದೂಡುವುದು ಅವಿವೇಕ. ಹಾಗೆಂದು ರಕ್ತಹೀನತೆಗೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗೆ ಇದು ಬದಲಿಯಲ್ಲ.

ಸಕ್ಕರೆ ಕಾಯಿಲೆಯವರೂ ಧಾರಾಳವಾಗಿ ತಿನ್ನಲಿ. ನಾರು ಹೆಚ್ಚು, ಸಕ್ಕರೆ ಕಡಿಮೆ ಇರುವ ಸೊಪ್ಪುಗಳು ಅವರಿಗೆ ಒಳ್ಳೆಯವು. ಆದರೆ ಅದನ್ನೇ ಔಷಧವೆಂದು ನಂಬಿ ಗುಳಿಗೆ ನಿಲ್ಲಿಸಿದರೆ, ಸಕ್ಕರೆ ಸದ್ದಿಲ್ಲದೆ ಏರಿ ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ಕೆಡಿಸುತ್ತದೆ. ಕೆಟ್ಟದ್ದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಇನ್ನು ತೊಳೆಯುವ ವಿಷಯ. ಬಯಲು ಶೌಚದ ಜಾಗದ ಅಥವಾ ಚರಂಡಿ ನೀರು ಹರಿಯುವ ಕಡೆಯ ಸೊಪ್ಪಿಗೆ ಲಾಡಿಹುಳುವಿನ ಮೊಟ್ಟೆ ಅಂಟಿರಬಹುದು. ಹಂದಿಯ ಲಾಡಿಹುಳುವಿನ ಮೊಟ್ಟೆ ಹೊಟ್ಟೆ ಸೇರಿದರೆ ಮರಿ ಮಿದುಳಿನಲ್ಲಿ ಗಂಟು ಕಟ್ಟಿ ಫಿಟ್ಸ್ ಬರುವುದುಂಟು. ಮಾಂಸವನ್ನೇ ಮುಟ್ಟದವರಿಗೂ ಬರುತ್ತದೆ. ಉಪ್ಪುನೀರಿನಲ್ಲಿ ಅದ್ದಿ ತೆಗೆದರೆ ಮೊಟ್ಟೆ ಸಾಯುವುದಿಲ್ಲ. ಬೇರು ಕತ್ತರಿಸಿ, ಎಲೆ ಬಿಡಿಸಿ, ಒಂದೊಂದನ್ನೂ ಹರಿಯುವ ಶುದ್ಧ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಕಳೆನಾಶಕ ಹೊಡೆದ ಹೊಲದ ಸೊಪ್ಪನ್ನಂತೂ ಎಷ್ಟು ತೊಳೆದರೂ ತಿನ್ನುವುದು ಬೇಡ. ಹಿತ್ತಲಲ್ಲಿ ಎರಡು ಮಾರು ಜಾಗವಿದ್ದವರು ಬೀಜ ಉದುರಿಸಿ ತಾವೇ ಬೆಳೆದುಕೊಳ್ಳಬಹುದು.